ಎಂಜಿನ್ನಿನ ಹೊಟ್ಟೆಯೊಳಗಿನ ಉಸಿರು

ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲದ ಕಡೆ ಹಳೆಯ ಟ್ರ್ಯಾಕ್ಟರನ್ನೋ ಜೀಪನ್ನೋ ಕೊಳ್ಳಲು ಹೊರಟವರು ಪರಿಚಯದ ಮೆಕ್ಯಾನಿಕ್ ಒಬ್ಬನನ್ನು ಜೊತೆಗೆ ಕರೆದೊಯ್ಯುವುದು ರೂಢಿ. ಆತ ಬಣ್ಣ ನೋಡುವುದಿಲ್ಲ, ಸೀಟು ನೋಡುವುದಿಲ್ಲ. ಎಂಜಿನ್ ಚಾಲೂ ಮಾಡಿಸಿ, ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು, ಅದರ ಮೇಲೆ ಅಂಗೈ ಹಿಡಿಯುತ್ತಾನೆ. ಬಿಸಿ ಹೊಗೆ ಬುಸುಬುಸು ಎಂದು ಕೈಗೆ ಬಡಿದರೆ ಮುಖ ಸಪ್ಪಗೆ ಮಾಡಿ ‘ಬ್ಯಾಕ್ ಕಂಪ್ರೆಷನ್ ಜಾಸ್ತಿ ಇದೆ’ ಎನ್ನುತ್ತಾನೆ. ಮಾರುವವನು ಹೇಳಿದ ಬೆಲೆ ಅಲ್ಲಿಗೆ ಇಳಿಯಿತೆಂದೇ ಲೆಕ್ಕ.

ಈ ‘ಬ್ಯಾಕ್ ಕಂಪ್ರೆಷನ್’ ಎಂದರೇನು? ಸಿಲಿಂಡರಿನಲ್ಲಿ ಇಂಧನ ಉರಿದಾಗ ಏಳುವ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಪಿಸ್ಟನ್ನಿನ ಸುತ್ತ ಬಳೆಯಂತೆ ಕುಳಿತಿರುವ ರಿಂಗುಗಳು ಆ ಒತ್ತಡವನ್ನು ಮೇಲೆಯೇ ತಡೆಯಬೇಕು. ಆದರೆ ರಿಂಗಿನ ಎರಡು ತುದಿಗಳ ನಡುವೆ ಸಣ್ಣ ಸೀಳೊಂದು ಇರಲೇಬೇಕು. ಇಲ್ಲವಾದರೆ ಕಾದು ಹಿಗ್ಗಿದಾಗ ರಿಂಗು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹೀಗಾಗಿ ಎಂಥ ಹೊಸ ಎಂಜಿನ್ನಿನಲ್ಲೂ ಸ್ವಲ್ಪ ಅನಿಲ ಪಿಸ್ಟನ್ನನ್ನು ದಾಟಿ ಕೆಳಗೆ, ಕ್ರ್ಯಾಂಕ್ ತಿರುಗುವ ಗೂಡಿಗೆ, ಅಂದರೆ ಮೆಕ್ಯಾನಿಕ್‌ಗಳು ಚೇಂಬರ್ ಎಂದು ಕರೆಯುವ ಆಯಿಲ್ ತೊಟ್ಟಿಯ ಮೇಲ್ಭಾಗಕ್ಕೆ ನುಸುಳುತ್ತದೆ. ರಿಂಗು ಸವೆದಷ್ಟೂ ಇದು ಹೆಚ್ಚು.

ಪೆಟ್ರೋಲ್ ಎಂಜಿನ್ನಿನಲ್ಲಿ ಹೀಗೆ ನುಸುಳುವುದರಲ್ಲಿ ಬಹುಪಾಲು ಉರಿಯದೆ ಉಳಿದ ಪೆಟ್ರೋಲ್ ಆವಿ ಮತ್ತು ಗಾಳಿ. ಉಳಿದದ್ದು ಹೊಗೆ ಹಾಗೂ ನೀರಾವಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ ಎಂದರೆ ಅನೇಕರು ನಂಬಲಾರರು. ಅದರ ಹೆಚ್ಚಿನ ಪಾಲು ಸೈಲೆನ್ಸರ್ ಮೂಲಕ ಆವಿಯಾಗಿ ಹೋಗುತ್ತದೆ, ಒಂದಿಷ್ಟು ಚೇಂಬರಿಗೆ ಇಳಿಯುತ್ತದೆ. ಅದನ್ನು ಹೊರಹಾಕದಿದ್ದರೆ ಆಯಿಲ್ ಕೆಟ್ಟು ಕೆಸರಾಗುತ್ತದೆ, ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಜಿಡ್ಡು ಕಟ್ಟುತ್ತದೆ. ಒತ್ತಡ ಏರಿದರೆ ಆಯಿಲ್ ಸೀಲುಗಳು ಕಿತ್ತುಬರುತ್ತವೆ. ಎಂಜಿನ್ನಿನ ಹೊಟ್ಟೆಗೂ ಉಸಿರು ಬಿಡಲು ದಾರಿ ಬೇಕು. ಆ ಉಸಿರನ್ನು ಎಲ್ಲಿಗೆ ಬಿಡಬೇಕು ಎಂಬುದೇ ನೂರು ವರ್ಷಗಳ ಪ್ರಶ್ನೆ. ಯಂತ್ರಕ್ಕೆ ತೊಂದರೆಯಾದಾಗ ಇದಕ್ಕೆ ಉತ್ತರ ಬೇಗ ಸಿಕ್ಕಿತು. ಮನುಷ್ಯನಿಗೆ ತೊಂದರೆಯಾದಾಗ ಕಾನೂನು ಬರುವತನಕ ಕಾಯಬೇಕಾಯಿತು.

ಪಂಪ್‌ಸೆಟ್ಟು, ಬುಲೆಟ್ಟು, ಯೆಜ್ಡಿ

ವಿದ್ಯುತ್ತು ಬರುವ ಮುನ್ನ ಹಳ್ಳಿಗಳ ಬಾವಿಗಳ ಮೇಲೆ ಡಗಡಗ ಎನ್ನುತ್ತಿದ್ದ ಲಿಸ್ಟರ್ ಮಾದರಿಯ ಒಂಟಿ ಸಿಲಿಂಡರ್ ಡೀಸೆಲ್ ಎಂಜಿನ್ನನ್ನು ಹಿರಿಯರು ಮರೆತಿರಲಾರರು. ಅದರ ಬದಿಯಲ್ಲಿ ಒಂದು ಚಿಕ್ಕ ಕವಾಟವಿರುತ್ತಿತ್ತು. ಪಿಸ್ಟನ್ ಕೆಳಗಿಳಿದಾಗ ಒಳಗಿನ ಗಾಳಿ ಅದನ್ನು ಎತ್ತಿಕೊಂಡು ಹೊರಬರುತ್ತದೆ. ಪಿಸ್ಟನ್ ಮೇಲೇರಿದಾಗ ಕವಾಟ ಮುಚ್ಚಿಕೊಳ್ಳುತ್ತದೆ. ಹೀಗೆ ಹೊರಹೋಗಲು ಮಾತ್ರ ದಾರಿಯಿದ್ದು ಒಳಬರಲು ಇಲ್ಲದ್ದರಿಂದ ಚೇಂಬರಿನಲ್ಲಿ ಹೊರಗಿಗಿಂತ ಕೊಂಚ ಕಡಿಮೆ ಒತ್ತಡ ಉಳಿಯುತ್ತದೆ, ಆಯಿಲ್ ಸೋರುವುದಿಲ್ಲ. ಇಷ್ಟು ಸರಳ ಉಪಾಯವನ್ನು ಮೀರಿಸುವಂಥದ್ದು ಆಮೇಲೂ ಹೆಚ್ಚೇನೂ ಬಂದಿಲ್ಲ ಎನ್ನಬಹುದು.

1955ರಿಂದ ಮದ್ರಾಸಿನಲ್ಲಿ ತಯಾರಾಗತೊಡಗಿದ ಬುಲೆಟ್ ಮೋಟಾರ್ ಸೈಕಲ್ಲಿನದೂ ಇದೇ ಕಥೆ. ಅದರ 346 ಸಿ.ಸಿ. ಪಿಸ್ಟನ್ ಒಮ್ಮೆ ಇಳಿದರೆ ಅಷ್ಟೇ ಗಾಳಿ ಕೆಳಗೆ ಅದುಮಲ್ಪಡುತ್ತದೆ. ಹಳೆಯ ಬುಲೆಟ್‌ಗಳಲ್ಲಿ ಅದು ಹೊರಹೋಗಲು ಬಾತುಕೋಳಿಯ ಕೊಕ್ಕಿನಂಥ ರಬ್ಬರ್ ತುಂಡೊಂದು ಬಾಗಿಲಾಗಿತ್ತು. ಆ ರಬ್ಬರ್ ಬಿರುಸಾಗಿ ಬಿರುಕು ಬಿಟ್ಟರೆ ಜೋಡಣೆ ಇರುವ ಕಡೆಯಲ್ಲೆಲ್ಲ ಆಯಿಲ್ ಜಿನುಗುತ್ತಿತ್ತು. ‘ಆಯಿಲ್ ಸೋರದ ಬುಲೆಟ್ಟು ಬುಲೆಟ್ಟೇ ಅಲ್ಲ’ ಎಂದು ಹಾಸ್ಯ ಮಾಡುತ್ತಿದ್ದವರಲ್ಲಿ ಎಷ್ಟು ಜನ ಅಗ್ಗದ ಆ ರಬ್ಬರನ್ನು ಬದಲಿಸಿ ನೋಡಿದ್ದರೋ!

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳಿಗೆ ಈ ತಾಪತ್ರಯವೇ ಇರಲಿಲ್ಲ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮಿಶ್ರಣ ಸಿಲಿಂಡರಿಗೆ ಹೋಗುವುದೇ ಕ್ರ್ಯಾಂಕ್ ಗೂಡಿನ ಮೂಲಕ. ನುಸುಳಿ ಬಂದದ್ದು ಮತ್ತೆ ಮೇಲೆ ಹೋಗಿ ಉರಿಯುತ್ತದೆ. ಅದರ ನೀಲಿ ಹೊಗೆಯ ತೊಂದರೆ ಬೇರೆಯದು, ಪೆಟ್ರೋಲಿಗೆ ಆಯಿಲ್ ಬೆರೆಸುವುದರಿಂದ ಬಂದದ್ದು.

ರಸ್ತೆಗೆ ಬಿಟ್ಟ ಕೊಳವೆ

ಕಾರು, ಲಾರಿಗಳಲ್ಲಿ ಅರ್ಧ ಶತಮಾನದ ಕಾಲ ನಡೆದದ್ದು ಇದಕ್ಕಿಂತ ಒರಟಾದ ವಿಧಾನ. ಎಂಜಿನ್ನಿನ ಬದಿಯಿಂದ ಒಂದು ಕೊಳವೆಯನ್ನು ಕೆಳಕ್ಕೆ, ರಸ್ತೆಯ ಕಡೆಗೆ ಇಳಿಬಿಡುತ್ತಿದ್ದರು. ವಾಹನ ಓಡುವಾಗ ಬೀಸುವ ಗಾಳಿ ಕೊಳವೆಯ ತುದಿಯಲ್ಲಿ ಸೆಳೆತ ಉಂಟುಮಾಡಿ ಒಳಗಿನ ಅನಿಲವನ್ನು ಎಳೆದುಕೊಳ್ಳುತ್ತಿತ್ತು. ಅಂಬಾಸಡರ್ ಕಾರಿನ ಮೊದಲ ಎಂಜಿನ್ನುಗಳಲ್ಲೂ ಇದ್ದದ್ದು ಇಂಥದೇ ಕೊಳವೆ. ಗಂಟೆಗೆ ನಲವತ್ತು ಕಿಲೋಮೀಟರಿನ ಮೇಲೆ ಹೋದರೆ ಸರಿ. ಸಂತೆ ಬೀದಿಯಲ್ಲಿ ನಿಂತು ನಿಂತು ಹೋಗುವ ಗಾಡಿಯಲ್ಲಿ ಸೆಳೆತವೂ ಇಲ್ಲ, ಉಸಿರೂ ಇಲ್ಲ. ಆಯಿಲ್ ಅಲ್ಲೇ ಕೆಸರಾಗುತ್ತಿತ್ತು. ಹಳೆಯ ರಸ್ತೆಗಳ ನಡುವೆ ಉದ್ದಕ್ಕೂ ಕಾಣುತ್ತಿದ್ದ ಕಪ್ಪು ಜಿಡ್ಡಿನ ಪಟ್ಟೆಗೆ ಈ ಕೊಳವೆಗಳ ಕೊಡುಗೆ ದೊಡ್ಡದು.

ಇದಕ್ಕಿಂತ ಒಳ್ಳೆಯ ದಾರಿ ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪು ಹೊಳೆ ದಾಟಬೇಕಿತ್ತು, ಧೂಳಿನಲ್ಲಿ ಓಡಬೇಕಿತ್ತು. ಕೊಳವೆ ನೀರಿನಲ್ಲಿ ಮುಳುಗಿದರೆ ಎಂಜಿನ್ನಿಗೆ ನೀರು ನುಗ್ಗುತ್ತದೆ. ಆದ್ದರಿಂದ ಚೇಂಬರಿನ ಅನಿಲವನ್ನು ಸಣ್ಣ ಕವಾಟವೊಂದರ ಮೂಲಕ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೇ ಜೋಡಿಸಿದರು. ಅನಿಲ ಮತ್ತೆ ಸಿಲಿಂಡರಿಗೆ ಹೋಗಿ ಉರಿದುಹೋಗುತ್ತಿತ್ತು. 1947ರ ನಂತರ ಮಹೀಂದ್ರಾ ಕಂಪನಿ ಭಾರತದಲ್ಲಿ ಜೋಡಿಸತೊಡಗಿದ್ದು ಇದೇ ವಿಲ್ಲಿಸ್ ಕಂಪನಿಯ ಜೀಪುಗಳನ್ನು. ಯುದ್ಧದ ಜೀಪಿಗೆ ಸಿಕ್ಕ ಈ ಸೌಲಭ್ಯ ಪೇಟೆಯ ಕಾರಿಗೆ ಸಿಗಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಪೇಟೆಯ ಕಾರು ಹೊಳೆ ದಾಟುತ್ತಿರಲಿಲ್ಲವಲ್ಲ!

ಅಷ್ಟರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರ ಕಣ್ಣುರಿಸುವ ಹೊಗೆ ಮಂಜಿನಲ್ಲಿ ಮುಳುಗಿತ್ತು. ಅನಾನಸ್ ಹಣ್ಣಿನ ಪರಿಮಳವನ್ನು ಅಧ್ಯಯನ ಮಾಡುತ್ತಿದ್ದ ಆರಿ ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ಇದರ ಗುಟ್ಟು ಬಿಡಿಸಿದರು. ಉರಿಯದ ಪೆಟ್ರೋಲ್ ಆವಿ ಮತ್ತು ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಕೂಡಿ ಈ ಮಂಜನ್ನು ಸೃಷ್ಟಿಸುತ್ತಿದ್ದವು. ಆ ಆವಿ ಬರುವುದು ಸೈಲೆನ್ಸರಿನಿಂದ ಎಂದೇ ಎಲ್ಲರೂ ತಿಳಿದಿದ್ದರು. ಕಾರೊಂದು ಹೊರಬಿಡುವ ಹೈಡ್ರೋಕಾರ್ಬನ್ನಿನಲ್ಲಿ ಐದನೇ ಒಂದು ಪಾಲಾದರೂ ಈ ಬಡಪಾಯಿ ಕೊಳವೆಯದು ಎಂಬುದು ಆ ದಶಕದ ಕೊನೆಗೆ ಖಚಿತವಾಯಿತು.

ಮದ್ದು ಆಗಲೇ ಕೈಯಲ್ಲಿತ್ತು, ಜೀಪಿನ ಅದೇ ಕವಾಟ. 1961ರ ಮಾದರಿಗಳಿಂದ ಕ್ಯಾಲಿಫೋರ್ನಿಯಾದಲ್ಲಿ ಮಾರುವ ಕಾರುಗಳಿಗೆ ಅದು ಬಂತು. ಅಮೆರಿಕದ ಉಳಿದ ರಾಜ್ಯಗಳಿಗೆ ಬಂದದ್ದು 1963ರ ಮಾದರಿಗಳಲ್ಲಿ. ಈ ತಡ ಸುಮ್ಮನೆ ಆದದ್ದಲ್ಲ ಎಂದು ಅಮೆರಿಕ ಸರ್ಕಾರ 1969ರ ಜನವರಿಯಲ್ಲಿ ದೊಡ್ಡ ಕಾರು ಕಂಪನಿಗಳ ಮೇಲೆ ಮೊಕದ್ದಮೆ ಹೂಡಿತು; ಮಾಲಿನ್ಯ ತಡೆಯುವ ಸಾಧನಗಳನ್ನು ಒಬ್ಬರಿಗಿಂತ ಒಬ್ಬರು ಮೊದಲು ತರದಂತೆ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡಿದ್ದವು ಎಂಬುದು ಆರೋಪ. ಅದೇ ವರ್ಷ ವಿಚಾರಣೆಯಿಲ್ಲದೆ ರಾಜಿಯಲ್ಲಿ ಪ್ರಕರಣ ಮುಗಿಯಿತು. ಕಂಪನಿಗಳು ತಪ್ಪೊಪ್ಪಿಕೊಳ್ಳಲಿಲ್ಲ.

ಭಾರತದಲ್ಲಿ 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಜಪಾನಿನ ವಿನ್ಯಾಸದ ಜೊತೆಗೇ ಎಂಜಿನ್ ತಲೆಯಿಂದ ಏರ್ ಕ್ಲೀನರಿಗೆ ಹೋಗುವ ರಬ್ಬರ್ ನಳಿಗೆಯನ್ನೂ ತಂದಿತು. ಆದರೆ ವಾಹನ ತಯಾರಕರಿಗೆ ಹೊಗೆಯ ಮಿತಿ ವಿಧಿಸಿದ್ದು 1991ರಲ್ಲಿ. ಯೂರೋಪಿನ ಮಾದರಿಯ ನಿಯಮಗಳು ದೇಶಕ್ಕೆಲ್ಲ ಬಂದದ್ದು 2000ದಲ್ಲಿ.

ವೇಗದ ಎಂಜಿನ್ನಿನ ತಲೆನೋವು

ಈ ಕವಾಟಕ್ಕೆ ಒಂದು ಮಿತಿಯಿದೆ. ಅದು ಎಂಜಿನ್ ಗಾಳಿ ಎಳೆಯುವಾಗಿನ ಸೆಳೆತವನ್ನು ನಂಬಿ ಕೆಲಸ ಮಾಡುತ್ತದೆ. ಆಕ್ಸಲರೇಟರನ್ನು ಪೂರ್ತಿ ಒತ್ತಿದರೆ ಗಾಳಿಯ ದಾರಿ ಪೂರ್ತಿ ತೆರೆದು ಸೆಳೆತ ಇಲ್ಲವಾಗುತ್ತದೆ. ಅನಿಲ ಅತಿ ಹೆಚ್ಚು ನುಸುಳುವುದೂ ಅದೇ ಹೊತ್ತಿನಲ್ಲಿ. ಟರ್ಬೊ ಇರುವ ಎಂಜಿನ್ನಿನಲ್ಲಂತೂ ಆ ದಾರಿಯಲ್ಲಿ ಸೆಳೆತದ ಬದಲು ಒತ್ತಡವೇ ಇರುತ್ತದೆ. ಕವಾಟ ಬಿಗಿಯಾಗಿ ಮುಚ್ಚಿಕೊಳ್ಳದಿದ್ದರೆ ಗಾಳಿ ಹಿಮ್ಮುಖವಾಗಿ ಚೇಂಬರಿಗೆ ನುಗ್ಗುತ್ತದೆ. ಆದ್ದರಿಂದ ಇಂಥ ಕಾರುಗಳಿಗೆ ಎರಡು ದಾರಿ ಬೇಕು: ನಿಧಾನವಾಗಿ ಹೋಗುವಾಗ ಕವಾಟದ ಮೂಲಕ, ಜೋರಾಗಿ ಹೋಗುವಾಗ ಟರ್ಬೊದ ಮುಂದಿನ ಗಾಳಿ ಕೊಳವೆಯ ಮೂಲಕ.

ಅನಿಲದ ಜೊತೆ ತೇಲಿಬರುವ ಆಯಿಲ್ ಹನಿಗಳದು ಇನ್ನೊಂದು ಕಾಟ. ಅವು ಸಿಲಿಂಡರಿಗೆ ಹೋದರೆ ಇಂಧನ ಹೊತ್ತಿಗೆ ಮುನ್ನವೇ ಸಿಡಿದು ಎಂಜಿನ್ ‘ನಾಕ್’ ಆಗಬಹುದು. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಇತ್ತೀಚಿನ ಎಂಜಿನ್ನುಗಳಲ್ಲಿ ವಾಲ್ವುಗಳನ್ನು ತೊಳೆಯಲು ಪೆಟ್ರೋಲ್ ಇರುವುದಿಲ್ಲವಾದ್ದರಿಂದ ಅಲ್ಲಿ ಕರಿ ಕಟ್ಟುತ್ತದೆ. ನಡುವೆ ‘ಕ್ಯಾಚ್ ಕ್ಯಾನ್’ ಎಂಬ ಡಬ್ಬಿಯೊಂದನ್ನು ಇಟ್ಟು ಆಯಿಲನ್ನು ಬೇರ್ಪಡಿಸುವುದು ಇದಕ್ಕಾಗಿ.

ರೇಸಿನ ಕಾರುಗಳದು ಮತ್ತೂ ಮುಂದಿನ ಹೆಜ್ಜೆ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 1980ರ ದಶಕದ ಆರಂಭದಲ್ಲಿ ಮದ್ರಾಸ್ ಬಳಿಯ ಶೋಲಾವರಂನಲ್ಲಿ ಎನ್‌ಸೈನ್ ಎಂಬ ಫಾರ್ಮುಲಾ ಒನ್ ಕಾರನ್ನು ಓಡಿಸಿದ್ದು ಹಳೆಯ ರೇಸ್ ಪ್ರಿಯರಿಗೆ ನೆನಪಿರಬಹುದು. ಎನ್‌ಸೈನ್‌ನಂಥ ಅಂದಿನ ಬಹುಪಾಲು ಬ್ರಿಟಿಷ್ ಕಾರುಗಳನ್ನು ಕಟ್ಟುತ್ತಿದ್ದದ್ದು ಕೀತ್ ಡಕ್‌ವರ್ತ್ ವಿನ್ಯಾಸದ, 1967ರಲ್ಲಿ ಮೊದಲು ಓಡಿದ ಕಾಸ್ವರ್ತ್ ಡಿಎಫ್‌ವಿ ಎಂಜಿನ್ನಿನ ಸುತ್ತ. ಎಂಟು ಸಿಲಿಂಡರಿನ ಆ ಎಂಜಿನ್ನಿನ ಕೆಳಗೆ ಆಯಿಲ್ ನಿಲ್ಲುವುದೇ ಇಲ್ಲ. ಪಂಪುಗಳು ಆಯಿಲನ್ನೂ ಅನಿಲವನ್ನೂ ಒಟ್ಟಿಗೆ ಹೀರಿ ಹೊರಗಿನ ಟ್ಯಾಂಕಿಗೆ ಕಳಿಸುತ್ತವೆ. ಗಿರಗಿರ ತಿರುಗುವ ಸಾಧನವೊಂದು ಎರಡನ್ನೂ ಬೇರೆ ಮಾಡುತ್ತದೆ. ಹೀಗೆ ಹೀರಿದಾಗ ಚೇಂಬರಿನ ಒತ್ತಡ ಇಳಿದು ರಿಂಗುಗಳು ಚೆನ್ನಾಗಿ ಕೂರುತ್ತವೆ, ಕ್ರ್ಯಾಂಕು ಆಯಿಲನ್ನು ಕಡೆಯುತ್ತಾ ಶಕ್ತಿ ವ್ಯರ್ಥ ಮಾಡುವುದು ತಪ್ಪುತ್ತದೆ. ಬಾವಿಯ ಮೇಲಿನ ಪಂಪ್‌ಸೆಟ್ಟಿನ ಕವಾಟ ಬಯಸಿದ್ದೂ ಇದೇ ಕಡಿಮೆ ಒತ್ತಡವನ್ನು.

ಚೇಂಬರಿನ ಉಸಿರು ಹೊರಕ್ಕೆ ತೆರೆದಿರುವ ರೇಸ್ ಕಾರಿಗೆ ಆಯಿಲ್ ಹಿಡಿಯುವ ಟ್ಯಾಂಕ್ ಕಡ್ಡಾಯ ಎನ್ನುತ್ತದೆ ಅಂತರರಾಷ್ಟ್ರೀಯ ಮೋಟಾರು ಒಕ್ಕೂಟದ ನಿಯಮ. 2000 ಸಿ.ಸಿ.ವರೆಗಿನ ಕಾರಿಗೆ ಕನಿಷ್ಠ 2 ಲೀಟರ್, ಅದಕ್ಕೂ ದೊಡ್ಡದಾದರೆ 3 ಲೀಟರ್. ಎಷ್ಟು ತುಂಬಿದೆ ಎಂಬುದು ಹೊರಗಿನಿಂದ ಕಾಣುವಂತಿರಬೇಕು. ಟ್ರ್ಯಾಕಿನ ಮೇಲೆ ಆಯಿಲ್ ಚೆಲ್ಲಿದರೆ ಹಿಂದೆ ಬರುವವನು ಜಾರುತ್ತಾನೆ.

ಹೊಸಕೋಟೆಯ ಡೀಸೆಲ್, ದೇವನಹಳ್ಳಿಯ ದಾರಿ

ಲಾರಿ, ಬಸ್ಸುಗಳ ಟರ್ಬೊ ಡೀಸೆಲ್ ಎಂಜಿನ್ನುಗಳಿಗೆ ಮಾತ್ರ ಬಹುಕಾಲ ರಿಯಾಯಿತಿ ಇತ್ತು. ಆಯಿಲ್ ಹನಿಗಳು ಟರ್ಬೊವನ್ನು ಕೆಡಿಸುತ್ತವೆ ಎಂಬ ಕಾರಣಕ್ಕೆ ಚೇಂಬರಿನ ಅನಿಲವನ್ನು ಹೊರಗೆ ಬಿಡಲು ಅಮೆರಿಕ ಕೂಡ 2007ರವರೆಗೆ ಅವಕಾಶ ಕೊಟ್ಟಿತ್ತು. ಹೊಸಕೋಟೆಯಲ್ಲಿ 1998ರಲ್ಲಿ ಕಾರ್ಖಾನೆ ತೆರೆದ ವೋಲ್ವೊದ ತವರಾದ ಸ್ವೀಡನ್ನಿನಲ್ಲೇ ಇದಕ್ಕೊಂದು ಸೊಗಸಾದ ಪರಿಹಾರ ಹುಟ್ಟಿತು. ಹಾಲಿನಿಂದ ಕೆನೆ ಬೇರ್ಪಡಿಸುವ ತಿರುಗುವ ಯಂತ್ರವನ್ನು 1878ರಲ್ಲಿ ಕಂಡುಹಿಡಿದ ಗುಸ್ತಾಫ್ ಡಿ ಲಾವಲ್ ಅಲ್ಲಿನವರು. ಅವರು ಕಟ್ಟಿದ ಆಲ್ಫಾ ಲಾವಲ್ ಕಂಪನಿ ಅದೇ ತತ್ವದಲ್ಲಿ, ಲಾರಿ ಎಂಜಿನ್ನಿನ ಉಸಿರಿನಿಂದ ಆಯಿಲ್ ಹನಿಗಳನ್ನು ಬೇರ್ಪಡಿಸುವ ಪುಟ್ಟ ಯಂತ್ರವನ್ನು ಈ ಶತಮಾನದ ಆರಂಭದಲ್ಲಿ ಮಾರುಕಟ್ಟೆಗೆ ತಂದಿತು. ಹಾಲಿನ ಡೇರಿ ಇಲ್ಲದ ಊರೇ ಅಪರೂಪವಾದ ಈ ಜಿಲ್ಲೆಯಲ್ಲಿ ಇದರ ಕೆಲಸವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ನಿಯಮಗಳಡಿ ಭಾರತದ ಭಾರಿ ಡೀಸೆಲ್ ಎಂಜಿನ್ನುಗಳ ಈ ಉಸಿರೂ ಲೆಕ್ಕಕ್ಕೆ ಬಂದಿದೆ.

ಹೀಗೆ ಲಾರಿಯೂ ಬಾಯಿ ಮುಚ್ಚಿಕೊಂಡಿರುವ ಕಾಲದಲ್ಲಿ ಕೆಲವು ದುಬಾರಿ ಕಾರುಗಳು ಮತ್ತೆ ಬಾಯಿ ತೆರೆಯುತ್ತಿವೆ. ಎಂಜಿನ್ನಿನ ಶಕ್ತಿ ಹೆಚ್ಚಿಸಿಕೊಳ್ಳುವ ಹವ್ಯಾಸಿಗಳಲ್ಲಿ ಕೆಲವರು ಕವಾಟವನ್ನೂ ನಳಿಗೆಯನ್ನೂ ಕಿತ್ತು, ಆ ಜಾಗದಲ್ಲಿ ಹೊರಗಾಳಿಗೆ ತೆರೆದುಕೊಂಡ ಸಣ್ಣ ಫಿಲ್ಟರೊಂದನ್ನು ಸಿಕ್ಕಿಸುತ್ತಾರೆ. ದೇವನಹಳ್ಳಿಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಅಂಥ ಕಾರು ವೇಗವಾಗಿ ಹೋದರೆ ಅದು ಬಿಡುವುದು 1950ರ ದಶಕದ ಕಾರಿನ ಉಸಿರನ್ನೇ. ಆಯಿಲ್ ಬೇರ್ಪಡಿಸಲೇಬೇಕೆಂದಿದ್ದರೆ ಕ್ಯಾಚ್ ಕ್ಯಾನಿನ ಇನ್ನೊಂದು ತುದಿಯನ್ನು ಮತ್ತೆ ಎಂಜಿನ್ನಿನ ಗಾಳಿ ದಾರಿಗೆ ಜೋಡಿಸಿದರಾಯಿತು. ಅದಕ್ಕೆ ಬೇಕಾದದ್ದು ಒಂದು ಅಡಿ ನಳಿಗೆ, ಎರಡು ಕ್ಲಿಪ್ಪು. ನಳಿಗೆ ಕಿತ್ತ ಕಾರುಗಳನ್ನು ಹಿಡಿಯುವವರೂ ಇಲ್ಲ. ಪೆಟ್ರೋಲ್ ಬಂಕಿನ ಪಕ್ಕದ ಎಮಿಷನ್ ಪರೀಕ್ಷೆಯಲ್ಲಿ ಅಳೆಯುವ ಕೋಲನ್ನು ತೂರಿಸುವುದು ಸೈಲೆನ್ಸರಿನೊಳಗೆ. ಬಾನೆಟ್ ಎತ್ತಿ ನಳಿಗೆ ಇದೆಯೇ ಎಂದು ನೋಡುವುದು ಆ ಪರೀಕ್ಷೆಯ ಭಾಗವಲ್ಲ.