ಮಾತೃಸರಿತ್ತಿನ ಬೆನ್ನು ಹತ್ತಿ

ಖಾನಾಪುರ ತಾಲೂಕಿನ ಗುಂಜಿಯಲ್ಲಿ ಮೌಲಿ ದೇವಿಯ ಗುಡಿಯಿದೆ. ಮಲಪ್ರಭೆ ಹೊಳೆ ಹುಟ್ಟುವ ಕಣಕುಂಬಿಯಲ್ಲೂ ಮೌಲಿಯದೇ ಗುಡಿ. ಮರಾಠಿಯಲ್ಲಿ 'ಮೌಲಿ' ಎಂದರೆ ತಾಯಿ. ಇದು ತಲೆಯಲ್ಲಿರುವಾಗಲೇ ಹಲಸಿಯ ತಾಮ್ರಪಟವೊಂದರಲ್ಲಿ 'ಮಾತೃಸರಿತ್' ಎಂಬ ಹೊಳೆಯ ಹೆಸರು ಕಣ್ಣಿಗೆ ಬಿದ್ದರೆ ಯಾರಿಗೆ ತಾನೆ ಆಸೆ ಹುಟ್ಟದು? ತಾಯಿಹೊಳೆ!

ಹಲಸಿ ಇದೇ ಖಾನಾಪುರ ತಾಲೂಕಿನ ಊರು. ಕದಂಬರ ಕಾಲದಲ್ಲಿ ಅದರ ಹೆಸರು ಪಲಾಶಿಕಾ. ಊರಾಚೆ ನಂದಗಡದ ದಾರಿಯಲ್ಲಿ ಚಕ್ರತೀರ್ಥವೆಂಬ ಬಾವಿ. ಅದರ ಪಕ್ಕದ ಮಣ್ಣುದಿಬ್ಬದಲ್ಲಿ ಸಿಕ್ಕ ಪಟಗಳನ್ನು ಶಾಸನತಜ್ಞ ಜೆ.ಎಫ್. ಫ್ಲೀಟ್ 1877ರ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದ. ಅವುಗಳಲ್ಲಿ ಕದಂಬ ದೊರೆ ಮೃಗೇಶವರ್ಮನದೊಂದು. ತೀರಿಹೋದ ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ, ಮಾತೃಸರಿತ್ತಿನಿಂದ ಇಂಗಿಣೀ ಸಂಗಮದವರೆಗೆ 33 ನಿವರ್ತನ (ಅಂದಿನ ನೆಲದಳತೆ) ಹೊಲವನ್ನು ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಜೈನ ಪಂಗಡಗಳ ಮುನಿಗಳಿಗೆ ಬಿಟ್ಟ.

ಮೌಲಿಯ ಹೊಳೆಯೇ ಆ ಮಾತೃಸರಿತ್ತಿರಬಹುದೆಂದು ನಕಾಶೆ ಹರವಿಕೊಂಡು ಕೂತೆ. ಸಂಗಮವಿರುವಲ್ಲೆಲ್ಲ ಪೆನ್ಸಿಲ್ ಗುರುತು. ಮೂರನೆಯ ದಿನಕ್ಕೆ ಬುದ್ಧಿ ಬಂತು: ಪಟ ಐದನೆಯ ಶತಮಾನದ ಸಂಸ್ಕೃತದ್ದು, 'ಮೌಲಿ' ಇಂದಿನ ಮರಾಠಿ ಮಾತು. ಎರಡರ ನಡುವೆ ಸಾವಿರಕ್ಕೂ ಹೆಚ್ಚು ವರ್ಷ, ಒಂದೂ ಸಾಕ್ಷಿಯಿಲ್ಲ. ಅರ್ಥ ಕೂಡಿದ ಮಾತ್ರಕ್ಕೆ ಹೊಳೆ ಕೂಡುವುದಿಲ್ಲ. ಗುರುತುಗಳನ್ನೆಲ್ಲ ಅಳಿಸಿಹಾಕಿದೆ.

ಆದರೆ ಅದೇ ಪಟಗಳ ಕಟ್ಟಿನಲ್ಲಿ ಹುಡುಕದೇ ಸಿಕ್ಕದ್ದು ಇನ್ನೂ ದೊಡ್ಡದು. ಯುವರಾಜನಾಗಿದ್ದಾಗ ಕದಂಬರ ಕಾಕುಸ್ಥವರ್ಮ ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಖೇಟಗ್ರಾಮದಲ್ಲಿ ಹೊಲ ಕೊಟ್ಟ. ಮುಂದೆ ಕದಂಬ ದೊರೆ ರವಿವರ್ಮನ ಕಾಲದಲ್ಲಿ ಶ್ರುತಕೀರ್ತಿಯದೇ ಮನೆತನದ ಜಯಕೀರ್ತಿಯ ಪುರುಖೇಟಕ ಗ್ರಾಮದ ಹುಟ್ಟುವಳಿಯಿಂದ ಎರಡು ವ್ಯವಸ್ಥೆ ಆದವು: ಕಾರ್ತಿಕ ಹುಣ್ಣಿಮೆಗೆ ಜಿನೇಂದ್ರನ ಎಂಟು ದಿನದ ಉತ್ಸವ, ಮತ್ತು ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಊಟ. ಆ ನಾಲ್ಕು ತಿಂಗಳ ಮಾತು ಗುಂಜಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೆಸರು, ಉಂಬಳ, ಉಕ್ಕುವ ಹಳ್ಳ. ಹುಳಹುಪ್ಪಟೆ ತುಳಿಯಬಾರದೆಂಬ ಮುನಿ ಹೆಜ್ಜೆ ಎಲ್ಲಿಡಬೇಕು? ನಿಂತಲ್ಲೇ ನಿಲ್ಲಬೇಕು, ಊರು ಅನ್ನ ಹಾಕಬೇಕು.

ಹಲಸಿಯಲ್ಲಿ ಬಸದಿಯೊಂದನ್ನು ಮೃಗೇಶನದೇ ಎಂದು ತೋರಿಸುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ, ಈಗ ಕಾಣುವ ಕಲ್ಲುಗೆಲಸ ಎಷ್ಟೋ ಈಚಿನದು. ಗರ್ಭಗುಡಿಗಳೆರಡು ಎದುರುಬದುರಾಗಿರುವ ಭೂವರಾಹ ನರಸಿಂಹ ಗುಡಿಯ ಶಾಸನವೂ ಗೋವೆ ಕದಂಬರದು, 1169ರದು.

ಯಾಪನೀಯರು ಅಳಿದರು, ಕೂರ್ಚಕರ ಹೆಸರನ್ನೂ ಯಾರೂ ಹೇಳುವುದಿಲ್ಲ. ಎಂಟು ದಿನದ ಹಬ್ಬ ಉಳಿದಿದೆ: ಅಷ್ಟಾಹ್ನಿಕ ಪರ್ವವೆಂದು ಜೈನರು ಅದನ್ನು ಈಗಲೂ ಕಾರ್ತಿಕ ಶುದ್ಧ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಆಚರಿಸುತ್ತಾರೆ.