ಹುಲ್ಲುಗಾವಲಿಗೆ ಗೋಡೆ ಬಂದ ಕತೆ

ಚಿತ್ರದುರ್ಗ, ಚಿಕ್ಕಮಗಳೂರು, ತುಮಕೂರು ಜಿಲ್ಲೆಗಳ ಬಯಲು ಸೀಮೆಯಲ್ಲಿ ಓಡಾಡಿದವರಿಗೆ 'ಅಮೃತ ಮಹಲ್ ಕಾವಲು' ಎಂಬ ಹೆಸರು ಪರಿಚಿತ. ಅಮೃತ ಸಂಸ್ಕೃತದ ಮಾತು, ಮಹಲ್ ಅರಬ್ಬಿಯಿಂದ ಉರ್ದುವಿನ ಮೂಲಕ ನಮ್ಮಲ್ಲಿಗೆ ಬಂದದ್ದು. ಇಲ್ಲಿ ಅದಕ್ಕೆ ಅರಮನೆ ಎಂಬ ಅರ್ಥವಿಲ್ಲ. ಸರಕಾರದ ಒಂದು ಇಲಾಖೆ, ಅಷ್ಟೆ. ಚಿಕ್ಕದೇವರಾಜ ಒಡೆಯರ (1672-1704) ಕಾಲದಲ್ಲಿ ಇದು 'ಬೆಣ್ಣೆ ಚಾವಡಿ'. ಅರಮನೆಗೆ ಹಾಲು, ಬೆಣ್ಣೆ ಒದಗಿಸುವ ಹಸುಗಳನ್ನು ಸಾಕಲು ಅವರು ರಾಜ್ಯದ ಹಲವೆಡೆ ಹುಲ್ಲುಗಾವಲುಗಳನ್ನು ಮೀಸಲಿಟ್ಟರು. ಹೈದರಲಿ ಆ ಹಿಂಡನ್ನು ಹಿಗ್ಗಿಸಿ ಎತ್ತುಗಳನ್ನು ಸೈನ್ಯಕ್ಕೆ ಹೂಡಿದ. ಟಿಪ್ಪು ಸುಲ್ತಾನ್ ಹೊಸ ಹೆಸರಿಟ್ಟು, ಸಾಕಣೆಯ ನಿಯಮಗಳನ್ನು ಒಂದು ಹುಕುಂನಾಮೆಯಲ್ಲಿ ಬರೆಸಿದ. ಟಿಪ್ಪುವಿನ ಮಾತು ಬಂದೊಡನೆ ನಾವು ಪರ-ವಿರೋಧದ ಜಗಳಕ್ಕೆ ಇಳಿಯುತ್ತೇವೆ. ದನಗಳಿಗಾಗಿ ಬರೆಸಿದ ಆ ಹುಕುಂನಾಮೆಯ ನೆನಪು ಯಾವ ಪಾಳೆಯದವರಿಗೂ ಆಗುವುದಿಲ್ಲ.

ಈ ಎತ್ತುಗಳ ನಡಿಗೆ ಶತ್ರುಗಳನ್ನೇ ಬೆರಗುಗೊಳಿಸಿತ್ತು. ಚಿದಂಬರದ ನೆರವಿಗೆ ಹೈದರಲಿ ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿದ, ಜನರಲ್ ಮೆಡೋಸ್‌ನ ಮುಂದೆ ಟಿಪ್ಪು ಎರಡು ದಿನಗಳಲ್ಲಿ 63 ಮೈಲಿ ಸಾಗಿದ ಎಂದು ಮೈಸೂರಿನ ಗೆಜೆಟಿಯರುಗಳು ಹೇಳುತ್ತವೆ. ಫಿರಂಗಿ ಎಳೆಯುವ ಎತ್ತಿನ ಹಿಂದೆ ಒಬ್ಬ ದನಗಾಹಿ ಇದ್ದ. ಅವನ ಹಿಂದೆ ಹುಲ್ಲು ಇತ್ತು.

ಹುಲ್ಲನ್ನು ಕಾಯುವ ಕ್ರಮವೂ ಸಾಮಾನ್ಯದ್ದಲ್ಲ. ಕಾವಲುಗಳಲ್ಲಿ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಣೆ ಇತ್ತು. ಒಣಸೀಮೆಯ ಮಳೆ ಎಲ್ಲ ಕಡೆಗೂ ಒಂದೇ ಹದದಲ್ಲಿ ಬೀಳುವುದಿಲ್ಲ. ಈ ಹೋಬಳಿಯಲ್ಲಿ ಹಸಿರಾದರೆ ಪಕ್ಕದ ಹೋಬಳಿಯಲ್ಲಿ ದೂಳು. ಆದ್ದರಿಂದ ದನ ಹುಲ್ಲನ್ನು ಹುಡುಕಿಕೊಂಡು ಹೋಗಬೇಕು. ಬಿಟ್ಟು ಬಂದ ಹುಲ್ಲು ಅಷ್ಟರಲ್ಲಿ ಚೇತರಿಸಿಕೊಳ್ಳಬೇಕು. ಒಂದು ಕಾವಲನ್ನು ಮಾತ್ರ ಅಳೆದು 'ಇದರಲ್ಲಿ ಎಷ್ಟು ದನ ಬದುಕೀತು' ಎಂದು ಕೇಳಿದರೆ ಉತ್ತರ ನಿರಾಶೆಯದೇ. ಹತ್ತು ಕಾವಲುಗಳು ಮತ್ತು ಅವುಗಳ ನಡುವಿನ ದಾರಿ ಸೇರಿದಾಗಲೇ ಅದು ಮೇವಿನ ನೆಲ.

ಹಳೆಯ ಕಾಲವನ್ನು ಹೊಗಳಲು ಹೊರಟಿಲ್ಲ. ಈ ಕಾವಲುಗಳು ಊರ ದನಕ್ಕೆಂದು ಮಾಡಿದವಲ್ಲ, ಮೊದಲ ಹಕ್ಕು ಸರಕಾರಿ ಹಿಂಡಿನದು. ಆದರೂ ಕಾವಲು ಒಡೆಯದೆ ಉಳಿದಿದ್ದರಿಂದ ಗೊಲ್ಲರ, ಕುರುಬರ, ಮ್ಯಾಸನಾಯಕರ ಹಿಂಡುಗಳಿಗೂ ಅದರಲ್ಲಿ ಒಂದು ಪಾಲು ದಕ್ಕುತ್ತಾ ಬಂತು.

1799ರ ನಂತರ ಹಿಂಡು ಕಂಪನಿಯ ಕೈಗೆ ಹೋಯಿತು. 1860ರಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲೆಂದು ಹಿಂಡನ್ನೇ ಮಾರಿಸಿದ. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತು ಸಿಗದೆ, ಮತ್ತೆ ಹಿಂಡು ಕಟ್ಟಬೇಕಾಯಿತು. ಹಿಂಡನ್ನು ಹೇಗೋ ಕಟ್ಟಿದರು. ನೆಲ ಕರಗಿದಾಗ ಹಾಗೆ ಕಟ್ಟಲು ಬರಲಿಲ್ಲ. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಕಾವಲು 'ಹೆಚ್ಚು ಆಹಾರ ಬೆಳೆಯಿರಿ' ಎಂದು ಒಂದಷ್ಟು, ಭೂಹೀನರಿಗೆಂದು ಒಂದಷ್ಟು, ನೀಲಗಿರಿ ತೋಪಿಗೆಂದು ಇನ್ನಷ್ಟು ಹರಿದು ಹಂಚಿಹೋಯಿತು. ಭೂಹೀನನಿಗೆ ಕೊಟ್ಟ ಎರಡೆಕರೆಯನ್ನು ತಪ್ಪೆನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಆದರೆ ಹುಲ್ಲು ಮಾತ್ರ ಬೆಳೆಯುವ ನೆಲವನ್ನು ಉಳಲು ಕೊಟ್ಟು, ಎರಡು ಬರಗಾಲದಲ್ಲಿ ಅವನು ಅದನ್ನು ಬಿಟ್ಟು ಗುಳೆ ಹೋದರೆ, ಲಾಭವಾದದ್ದು ಯಾರಿಗೆ?

ಕಂದಾಯದ ಕಡತಗಳಲ್ಲಿ ಉಳುಮೆಗೆ ಬಾರದ ನೆಲಕ್ಕೆ 'ಖರಾಬು' ಎನ್ನುತ್ತಾರೆ. ಉರ್ದು ಬಲ್ಲವರಿಗೆ ಅದರ ಅರ್ಥ ಹೇಳಬೇಕಿಲ್ಲ: ಕೆಟ್ಟದ್ದು, ಹಾಳಾದದ್ದು. ಅಮೃತ ಎಂದು ಕರೆಸಿಕೊಂಡ ಹುಲ್ಲನ್ನು ಖರಾಬಿನ ಸಾಲಿಗೆ ಸೇರಿಸಿ ನೋಡುವ ಕಣ್ಣಿಗೆ ಎಲ್ಲಿಯೂ ಖಾಲಿ ಜಾಗವೇ ಕಾಣುತ್ತದೆ.

ಚಳ್ಳಕೆರೆಯಲ್ಲಿ ಆದದ್ದು ಇದೇ. 2008ರಿಂದೀಚೆಗೆ ದೊಡ್ಡ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸುಮಾರು 10,000 ಎಕರೆಯನ್ನು ಸಂಸ್ಥೆಗಳಿಗೆ ಹಂಚಲಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,000ಕ್ಕೂ ಹೆಚ್ಚು ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,800ರಷ್ಟು, ಭಾರತೀಯ ವಿಜ್ಞಾನ ಸಂಸ್ಥೆಗೆ 1,500. ಇಸ್ರೋಗೂ ಒಂದು ಖಾಸಗಿ ಸೌರ ವಿದ್ಯುತ್ ಕಂಪನಿಗೂ ಉಳಿದದ್ದರಲ್ಲಿ ಪಾಲು. ಸುತ್ತ ಗೋಡೆ ಎದ್ದವು. ಹಳ್ಳಿಗರು ಬೀದಿಗಿಳಿದರು, ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. 2014ರಲ್ಲಿ ತೀರ್ಪು ಬಂತು. ಷರತ್ತುಗಳೊಂದಿಗೆ ಯೋಜನೆಗಳು ಮುಂದುವರಿದವು. 2017ರಲ್ಲಿ ಅಲ್ಲಿ ಚಾಲಕನಿಲ್ಲದ ವಿಮಾನಗಳ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. ಯುದ್ಧದ ಕೆಲಸಕ್ಕೇ ಬೆಳೆದ ಕಾವಲು ಮತ್ತೆ ಯುದ್ಧದ ಕೆಲಸಕ್ಕೇ ಸಂದಿತು. ವ್ಯತ್ಯಾಸ ಇಷ್ಟೆ: ಅಂದಿನ ಫಿರಂಗಿಗೆ ಹುಲ್ಲೂ ದನಗಾಹಿಯೂ ಬೇಕಿತ್ತು.

ಜಮೀನು ಕಳಕೊಂಡವನಿಗೆ ಪರಿಹಾರ ಕೇಳಲು ಪಹಣಿ ಇರುತ್ತದೆ. ಕಾವಲಿನಲ್ಲಿ ತಲೆಮಾರುಗಳಿಂದ ಕುರಿ ಮೇಯಿಸಿದವನ ಬಳಿ ಯಾವ ಕಾಗದವೂ ಇಲ್ಲ. ನೆಲ ಸರಕಾರದ್ದು, ಸರಕಾರವೇ ಕೊಟ್ಟಿತು. ಲೆಕ್ಕಕ್ಕೆ ಸಿಗುವಂತೆ ಯಾರೂ ಏನನ್ನೂ ಕಳೆದುಕೊಂಡಿಲ್ಲ. ಆದರೆ ಚಳ್ಳಕೆರೆಯ ಕಂಬಳಿ ಹೆಸರುವಾಸಿಯಾದದ್ದು ಆ ಕುರಿಗಳಿಂದ. ಸುಗ್ಗಿ ಮುಗಿದ ಮೇಲೆ ರೈತನ ಹೊಲದಲ್ಲಿ ಮಂದೆ ಕೂರಿಸಿದರೆ ಅವನಿಗೆ ಗೊಬ್ಬರ, ಕುರಿಗಾಹಿಗೆ ಕಾಳು ಅಥವಾ ಕಾಸು. ಹೊಲದಲ್ಲಿ ಬೆಳೆ ನಿಂತಿರುವ ತಿಂಗಳುಗಳಲ್ಲಿ ಮಂದೆ ಇರಬೇಕಾದದ್ದು ಕಾವಲಿನಲ್ಲಿ. ಅದಿಲ್ಲವಾದರೆ ಕುರಿಯನ್ನು ಮಾರಬೇಕು, ಇಲ್ಲವೇ ಇನ್ನೂ ದೂರ ಹೊರಡಬೇಕು.

ಇನ್ನು ಮಾತು ಬಾರದ ಜೀವಗಳು. ಎರೆಭೂತ ಎಂದು ನಮ್ಮ ಜನ ಕರೆಯುವ ದೊಡ್ಡ ಹಕ್ಕಿ ಬಯಲು ನೆಲದ ಮೇಲೆಯೇ, ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಅದಕ್ಕೆ ಮರವೂ ಬೇಡ, ಗೋಡೆಯಂತೂ ಬೇಡವೇ ಬೇಡ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯ ಮಾಡಿದರೂ ಬಯಲಿನಲ್ಲಿ ನೀಲಗಿರಿ ಬೆಳೆಯಿತು, ಹಕ್ಕಿ ಕಾಣೆಯಾಯಿತು. ಈಗ ರಾಜ್ಯದಲ್ಲಿ ಉಳಿದಿರುವುದು ಬಳ್ಳಾರಿ ಸೀಮೆಯ ಸಿರುಗುಪ್ಪದ ಕಡೆ, ಬೆರಳೆಣಿಕೆಯಷ್ಟು. ಕೃಷ್ಣಮೃಗ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಕಾವಲು ಕಿರಿದಾದರೆ ಶೇಂಗಾ ಹೊಲಕ್ಕೆ ನುಗ್ಗುತ್ತದೆ, ರೈತನ ಶಾಪ ತಿನ್ನುತ್ತದೆ. ತೋಳ ಕುರಿಮಂದೆಯ ಹಿಂದೆಯೇ ಬದುಕಿದ ಪ್ರಾಣಿ. ಒಂದೋ ಎರಡೋ ಕುರಿ ಹೋದರೆ ತೋಳನ ಪಾಲು ಎಂದು ಸುಮ್ಮನಾಗುತ್ತಿದ್ದವನು, ಮೇವಿಲ್ಲದೆ ಅರ್ಧ ಮಂದೆ ಮಾರಿದ ಮೇಲೆ ಸುಮ್ಮನಿರುವನೇ?

2011ರಲ್ಲಿ ಕಡೂರು ತಾಲೂಕಿನ ಬಾಸೂರು ಕಾವಲನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಒಳ್ಳೆಯದೇ. ಏಳು ಚದರ ಕಿಲೋಮೀಟರಿನಷ್ಟು ನೆಲ. ಅದರಾಚೆ ಮೃಗ ಎಲ್ಲಿಗೆ ಹೋಗಬೇಕೆಂಬುದು ಆ ಘೋಷಣೆಯ ವ್ಯಾಪ್ತಿಗೆ ಬರುವ ಪ್ರಶ್ನೆಯಲ್ಲ.

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸನಾಯಕರಲ್ಲಿ ದೇವರ ಎತ್ತುಗಳೆಂಬ ಹಿಂಡುಗಳಿವೆ. ಅವನ್ನು ನೇಗಿಲಿಗೆ ಕಟ್ಟುವುದಿಲ್ಲ, ಮಾರುವುದಿಲ್ಲ. ಕಿಲಾರಿ ಎಂಬ ಗೋಪಾಲಕ ಅವುಗಳ ಜತೆಯಲ್ಲೇ ಬಾಳುತ್ತಾನೆ. ಈಚಿನ ಬರಗಾಲಗಳಲ್ಲಿ ಅವನು ದೇವರ ಎತ್ತುಗಳಿಗೆ ಮೇವು ಕೊಡಿರೆಂದು ಅಧಿಕಾರಿಗಳನ್ನೂ ದಾನಿಗಳನ್ನೂ ಕೇಳಬೇಕಾಯಿತು. ಲಾರಿಯಲ್ಲಿ ದೂರದೂರಿನಿಂದ ಮೇವು ಬಂತು. ಎತ್ತುಗಳು ನಿಂತಲ್ಲೇ ತಿಂದವು.