ಸೊಸೆಯ ಸೀಮೆಯ ಅಡಿಗೆ

ಅರುವತ್ತು ದಾಟಿದ ಗಂಡಸು ಸೌಟು ಹಿಡಿದರೆ ನೆರೆಹೊರೆಯವರು ಅನುಕಂಪ ತೋರಿಸುತ್ತಾರೆ. ಪುಸ್ತಕವನ್ನು ಮುಂದಿಟ್ಟುಕೊಂಡು ಸೌಟು ಹಿಡಿದರೆ ನಗುತ್ತಾರೆ. ನಾನು ಎರಡಕ್ಕೂ ಪಾತ್ರನಾದವನು. ದೊಡ್ಡಬಳ್ಳಾಪುರದಲ್ಲಿ ಮೂವತ್ತು ವರ್ಷ ಹೈಸ್ಕೂಲು ಹುಡುಗರಿಗೆ ಇತಿಹಾಸ ಹೇಳಿ ನಿವೃತ್ತನಾದೆ. ಕೊಲಂಬಸನ ಯಾನ, ವಾಸ್ಕೋ ಡ ಗಾಮನ ಯಾನ ಎಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಆ ಯಾನಗಳು ನಮ್ಮ ಮನೆಯ ಒಲೆಯವರೆಗೂ ಬಂದು ನಿಂತಿವೆಯೆಂಬುದು ಮಾತ್ರ ಕಳೆದ ಚಳಿಗಾಲದವರೆಗೆ ನನಗೆ ಹೊಳೆದಿರಲಿಲ್ಲ.

ಕಾರಣ ಹೇಳುತ್ತೇನೆ. ಕೆನಡಾದಲ್ಲಿರುವ ನನ್ನ ಮಗ ಅಲ್ಲಿಯೇ ಮದುವೆಯಾದ. ಹುಡುಗಿಯ ತವರು ಟ್ರಿನಿಡಾಡ್; ಕೆರಿಬಿಯನ್ ಸಮುದ್ರದ ದಕ್ಷಿಣದ ಕೊನೆಯಲ್ಲಿ, ವೆನೆಜುವೆಲಾದ ಕರಾವಳಿಗೆ ಸಮೀಪವಾಗಿರುವ ದ್ವೀಪ. ಕ್ರಿಕೆಟ್ ಬಲ್ಲವರಿಗೆ ಬ್ರಯಾನ್ ಲಾರಾನ ಊರೆಂದರೆ ಸಾಕು. ಡಿಸೆಂಬರಿನಲ್ಲಿ ನನ್ನ ಪತ್ನಿಯ ಮೂರನೆಯ ವರ್ಷದ ಶ್ರಾದ್ಧ. ತಾಯಿಯ ಕಾರ್ಯಕ್ಕೆ ಮಗ ಬರುವವನಿದ್ದ. ಸೊಸೆಯೂ ಮೊದಲ ಬಾರಿಗೆ ಜೊತೆಯಲ್ಲಿ ಬರುತ್ತಾಳೆಂದು ತಿಳಿಸಿದ.

ನಮ್ಮ ಮನೆಯಲ್ಲಿ ಹಿರಿಯರೆಂದರೆ ನನ್ನ ಸೋದರತ್ತೆ. ವಯಸ್ಸು ಎಂಬತ್ತಾರು. ಶ್ರಾದ್ಧದ ಅಡಿಗೆಯನ್ನು ಮನೆಯ ಸೊಸೆ ಮಡಿಯಲ್ಲಿ ಮಾಡಬೇಕೆಂಬುದು ಅವರು ನಡೆಸಿಕೊಂಡು ಬಂದ ಪದ್ಧತಿ. ಸುದ್ದಿ ಕೇಳಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ಹುಡುಗೀನ ಅಡಿಗೆಮನೆಗೆ ಬಿಡೋದು ಹೇಗೋ? ಅವರು ಏನು ತಿಂತಾರೋ, ಏನು ಬಿಡ್ತಾರೋ, ನಿನಗೇನಾದರೂ ಗೊತ್ತೇ?” ಎಂದರು.

ನನಗೆ ಗೊತ್ತಿರಲಿಲ್ಲ. ಏನು ತಿನ್ನುತ್ತಾರೆಂಬುದನ್ನಾದರೂ ಮೊದಲು ತಿಳಿಯೋಣವೆಂದು ಮಗನಿಗೆ ಹೇಳಿ ಒಂದು ಅಡಿಗೆ ಪುಸ್ತಕ ತರಿಸಿದೆ.

ಆ ಪುಸ್ತಕ ಅಲ್ಲಿ ಮನೆಮನೆಗೂ ಗೊತ್ತಿರುವಂಥದಂತೆ. ಟ್ರಿನಿಡಾಡಿನ ಸಾನ್ ಫರ್ನಾಂಡೋ ಪಟ್ಟಣದಲ್ಲಿ ಕೆನಡಾದ ಪ್ರೆಸ್ಬಿಟೀರಿಯನ್ ಪಾದ್ರಿಗಳು 1912ರಲ್ಲಿ ಸ್ಥಾಪಿಸಿದ ನಪರಿಮಾ ಹೆಣ್ಣುಮಕ್ಕಳ ಹೈಸ್ಕೂಲು ತನ್ನ ವಜ್ರ ಮಹೋತ್ಸವದ ನೆನಪಿಗಾಗಿ 1988ರಲ್ಲಿ ಹೊರತಂದ ಸಂಗ್ರಹ ಅದು. ಪುಟ ತಿರುವಿದರೆ ಆಫ್ರಿಕದವರ ಅಡಿಗೆ, ಚೀನೀಯರದು, ಸ್ಪೇನಿನವರದು, ನಮ್ಮವರದು ಎಲ್ಲವೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ‘ಜೀರಾ’, ‘ಭಾಜಿ’, ‘ತವಾ’ ಎಂಬ ಮಾತುಗಳನ್ನು ಕಂಡಾಗ ನನಗೆ ಪರದೇಶದಲ್ಲಿ ಪರಿಚಿತರ ಮುಖ ಕಂಡಂತಾಯಿತು.

ಈ ಪರಿಚಿತರು ಅಲ್ಲಿಗೆ ಹೋದ ಕಥೆ ಸುಖದ ಕಥೆಯಲ್ಲ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ 1838ರ ಆಗಸ್ಟ್ 1ರಂದು ಸಂಪೂರ್ಣವಾಗಿ ಕೊನೆಗೊಂಡಿತು. ಬಿಡುಗಡೆ ಪಡೆದ ಆಫ್ರಿಕದ ಜನ ಅದೇ ಕಬ್ಬಿನ ತೋಟದಲ್ಲಿ ಅದೇ ಯಜಮಾನನ ಕೈಕೆಳಗೆ ದುಡಿಯಲು ಒಪ್ಪಲಿಲ್ಲ. ತೋಟದ ಧಣಿಗಳ ಕಣ್ಣು ಹಿಂದೂಸ್ಥಾನದ ಮೇಲೆ ಬಿತ್ತು. 1845ರ ಮೇ 30ರಂದು ‘ಫತೇಲ್ ರಝಾಕ್’ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಮಂದಿ ಕರಾರಿನ ಕೂಲಿಗಳನ್ನು ಟ್ರಿನಿಡಾಡಿನಲ್ಲಿ ಇಳಿಸಿತು. 1917ರವರೆಗೆ ಹೀಗೆ ಹೋದವರು 1,40,000ಕ್ಕೂ ಮಿಕ್ಕಿದವರು. ಬಹುಪಾಲು ಜನ ಈಗಿನ ಉತ್ತರ ಪ್ರದೇಶ, ಬಿಹಾರಗಳವರು. ಮದರಾಸಿನ ಬಂದರಿನಿಂದ ಹೋದವರೂ ಉಂಟು. ಸಮುದ್ರೋಲ್ಲಂಘನ ಮಾಡಿದವನಿಗೆ ಜಾತಿಯಿಲ್ಲ ಎಂದು ಊರು ಹೇಳುತ್ತಿದ್ದ ಕಾಲ ಅದು. ಅವರ ಗಂಟಿನಲ್ಲಿ ಏನಿತ್ತೋ ಏನಿರಲಿಲ್ಲವೋ, ನಾಲಗೆಯ ನೆನಪು ಮಾತ್ರ ಕೂಡ ಹೋಯಿತು.

ಮೊದಲು ಕೈಹಾಕಿದ್ದು ‘ದಾಲ್‌ಪೂರಿ’ಗೆ. ಬಟಾಣಿ ಬೇಳೆಯನ್ನು ಅರಿಸಿನ ಹಾಕಿ ಬೇಯಿಸಿ, ಬೆರಳಿಗೆ ಹಿಸುಕಿದರೆ ಒಡೆಯುವ ಹದದಲ್ಲಿ ಬಸಿದು, ನೀರು ಸೋಕಿಸದೆ ಪುಡಿಯಾಗಿ ಅರೆದು, ಹುರಿದ ಜೀರಿಗೆ ಬೆರೆಸಿ ಮೈದಾ ಕಣಕದೊಳಗೆ ತುಂಬಿ ತೆಳ್ಳಗೆ ಲಟ್ಟಿಸಿ ಬೇಯಿಸುವುದು. ಬೆಳ್ಳುಳ್ಳಿಯನ್ನು ಅತ್ತೆಗಾಗಿ ಬಿಟ್ಟೆ. ಅವರು ಬಾಗಿಲಲ್ಲಿ ನಿಂತು ನೋಡಿ, “ಇದರಲ್ಲಿ ಏನು ಕಲಿಯೋದಿದೆಯೋ? ಬೆಲ್ಲ ಮರೆತ ಹೋಳಿಗೆ!” ಎಂದರು. ಬಸಿದ ನೀರನ್ನು ಚೆಲ್ಲಬೇಕೆಂದು ಪುಸ್ತಕ ಹೇಳಿತ್ತು. ಅತ್ತೆ ಕೊಡಲಿಲ್ಲ. ಆ ಕಟ್ಟಿನಿಂದ ಸಾರು ಮಾಡಿದರು.

ಎರಡನೆಯ ಪ್ರಯೋಗ ‘ಕಲಲೂ’. ಹೆಸರು ವಿಚಿತ್ರವಾದರೂ ಸಾಮಗ್ರಿ ವಿಚಿತ್ರವಲ್ಲ: ಕೆಸುವಿನ ಎಲೆ, ಬೆಂಡೆಕಾಯಿ, ತೆಂಗಿನ ಹಾಲು. ಏಡಿ ಹಾಕುವುದುಂಟು, ಅದನ್ನು ನಾನು ಮುಟ್ಟಲಿಲ್ಲ. ಕೆಸುವಿಗಾಗಿ ಅಂಗಡಿಗೂ ಹೋಗಬೇಕಾಗಲಿಲ್ಲ. ಬಚ್ಚಲ ನೀರು ಹರಿಯುವ ಕಡೆ ಹಿತ್ತಲಲ್ಲಿ ಬೆಳೆದಿತ್ತು. ಪುಸ್ತಕದಲ್ಲಿದ್ದಂತೆ ಹೆಚ್ಚಿ, ಬೇಯಿಸಿ, ಕಡೆದು, ಒಂದು ಬಟ್ಟಲು ಕುಡಿದೆ. ಐದು ನಿಮಿಷದಲ್ಲಿ ಗಂಟಲಿಗೆ ಸೂಜಿ ಚುಚ್ಚಿದಂತೆ ತುರಿಕೆ ಹತ್ತಿತು. ಅತ್ತೆ ಓಡಿಬಂದು ಹುಣಿಸೆಹಣ್ಣಿನ ನೀರು ಕುಡಿಸಿದರು. “ಕೆಸುವಿಗೆ ಹುಣಿಸೆ ಹಾಕದೆ ಯಾರಾದರೂ ಮಾಡ್ತಾರೇನೋ? ನಿನ್ನ ಪುಸ್ತಕ ಬರೆದವರಿಗೆ ಇಷ್ಟೂ ತಿಳಿಯದೇ?”

ತಿಳಿಯದೆ ಏನು? ತಿಳಿದದ್ದರಿಂದಲೇ ಅವರು ಬರೆಯಲಿಲ್ಲ. ಯಾವ ಜಾತಿಯ ಕೆಸು ತರಬೇಕು, ಎಷ್ಟು ಹೊತ್ತು ಕುದಿಸಬೇಕೆಂಬುದು ಅಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುತ್ತದೆ. ಎಲ್ಲ ಅಡಿಗೆ ಪುಸ್ತಕಗಳ ಸ್ವಭಾವವೂ ಇದೇ. ಬರೆದಿರುವುದು ಅರ್ಧ, ಉಳಿದರ್ಧ ಆ ಮನೆಯ ಹೆಂಗಸರ ಕೈಯಲ್ಲಿ. ಅಸಲು ರುಚಿ ಪುಸ್ತಕ ನೋಡಿ ಬರುವುದಲ್ಲವೆಂದು ನನ್ನ ಗಂಟಲು ನನಗೆ ಪಾಠ ಹೇಳಿತು.

ಮೂರನೆಯದು ‘ಪೆಲಾವ್’. ಎಣ್ಣೆಯಲ್ಲಿ ಸಕ್ಕರೆಯನ್ನು ಕಂದು ಬಣ್ಣಕ್ಕೆ ಕರಗಿಸಿ, ಅದರಲ್ಲಿ ಕೋಳಿಮಾಂಸ ಬಾಡಿಸಿ, ಅಕ್ಕಿ, ತೊಗರಿಕಾಳು, ತೆಂಗಿನ ಹಾಲು ಸೇರಿಸಿ ಬೇಯಿಸುವ ಅನ್ನ. ನನ್ನ ಪೆಲಾವಿನಲ್ಲಿ ಕೋಳಿಯ ಸ್ಥಾನವನ್ನು ಸಿಹಿಕುಂಬಳ ತುಂಬಿತು. ಹಸಿ ತೊಗರಿಕಾಯಿಯ ಕಾಲ; ಸಂತೆಯಲ್ಲಿ ಅವರೆಕಾಯಿಯ ಪಕ್ಕದಲ್ಲೇ ರಾಶಿ ಬಿದ್ದಿತ್ತು. ತೊಗರಿ ನಮ್ಮ ದೇಶದಲ್ಲಿ ಹುಟ್ಟಿದ ಕಾಳು. ಅದು ಆಫ್ರಿಕಕ್ಕೆ ಹೋಗಿ, ಅಲ್ಲಿಂದ ಗುಲಾಮರ ಹಡಗುಗಳ ದಾರಿಯಲ್ಲಿ ಆ ದ್ವೀಪಗಳಿಗೆ ಸೇರಿತು. ನಮ್ಮ ಕೂಲಿಗಳು ಅಲ್ಲಿ ಇಳಿಯುವ ಬಹುಕಾಲ ಮೊದಲೇ ತೊಗರಿ ಅಲ್ಲಿ ಬೇರುಬಿಟ್ಟಿತ್ತೆಂದಾಯಿತು.

ಈ ಅಡಿಗೆಗಳಲ್ಲೆಲ್ಲ ಒಂದು ಮೆಣಸಿನಕಾಯಿ ತಲೆಹಾಕುತ್ತದೆ. ಜಮೈಕದಲ್ಲಿ ಅದರ ಹೆಸರು ‘ಸ್ಕಾಚ್ ಬಾನೆಟ್’. ಗುಂಡಗೆ, ಟೊಪ್ಪಿಗೆಯಂತೆ ಇರುತ್ತದೆ, ಖಾರ ಮಾತ್ರ ಪ್ರಚಂಡ. ಅದನ್ನು ಹೆಚ್ಚದೆ ಇಡಿಯಾಗಿ ಕುದಿಯುವ ಪಾತ್ರೆಯಲ್ಲಿ ತೇಲಿಬಿಟ್ಟು, ಒಡೆಯದಂತೆ ತೆಗೆಯಬೇಕು. ನನಗೆ ಅದು ಸಿಗಲಿಲ್ಲ. ಎರಡು ಹಸಿಮೆಣಸಿನಕಾಯಿ ಹಾಕುತ್ತಾ ಅತ್ತೆಗೆ ಹೇಳಿದೆ: “ಅತ್ತೆ, ಇದೂ ಆ ಕಡೆಯಿಂದಲೇ ಬಂದದ್ದು.”

ಅತ್ತೆ ನಂಬಲಿಲ್ಲ. ಓದುಗರಲ್ಲಿಯೂ ಕೆಲವರು ನಂಬಲಾರರು. ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. 1492ರಲ್ಲಿ ಕೊಲಂಬಸ್ ಹೊರಟದ್ದು ನಮ್ಮ ಕಡೆಯ ಸಂಬಾರ ಪದಾರ್ಥಗಳಿಗಾಗಿ. ಮುಟ್ಟಿದ್ದು ಕೆರಿಬಿಯನ್ ದ್ವೀಪಗಳನ್ನು. ಅಲ್ಲಿಯ ತೈನೋ ಜನ ಊಟದಲ್ಲಿ ಬಳಸುತ್ತಿದ್ದ ಖಾರದ ಕಾಯಿಯನ್ನು 1493ರ ಜನವರಿಯಲ್ಲಿ ಅವನು ತನ್ನ ದಿನಚರಿಯಲ್ಲಿ ಅವರ ಮೆಣಸೆಂದೇ ಗುರುತಿಸಿಕೊಂಡ. ಸ್ಪೇನಿನವರು ಕರಿಮೆಣಸಿನ ಹೆಸರನ್ನೇ ಸ್ವಲ್ಪ ತಿದ್ದಿ ಆ ಕಾಯಿಗೆ ಇಟ್ಟರು. ನಾವು ದಿನವೂ ಬಳಸುವ ಜಾತಿ ಮೂಲತಃ ಮೆಕ್ಸಿಕೋ ಕಡೆಯದು. ಸ್ಕಾಚ್ ಬಾನೆಟ್ ಅದರ ದಾಯಾದಿ. 1498ರಲ್ಲಿ ಗಾಮ ಕಲ್ಲಿಕೋಟೆಗೆ ಬಂದ. 1510ರಲ್ಲಿ ಗೋವೆ ಪೋರ್ತುಗೀಸರ ವಶವಾಯಿತು. ಅವರ ಹಡಗುಗಳಲ್ಲಿ ಈ ಕಾಯಿ ನಮ್ಮಲ್ಲಿಗೆ ಬಂತು. ನಾವು ಮಾಡಿದ್ದೇನು? ಸ್ಪೇನಿನವರು ಮಾಡಿದ್ದನ್ನೇ! ಮೆಣಸಿನಂತೆ ಖಾರ, ಆಕಾರದಲ್ಲಿ ಕಾಯಿ, ಮೆಣಸಿನಕಾಯಿ ಎಂದೆವು. ಹೊಸಬನಿಗೆ ಮನೆಯ ಹಿರಿಯನ ಹೆಸರಿಟ್ಟು ಒಳಗೆ ಕರೆದೆವು.

ಎಲ್ಲ ಹೊಸಬರಿಗೂ ಈ ಭಾಗ್ಯ ಬರಲಿಲ್ಲ. ಸೀಮೆಬದನೆ, ಪರಂಗಿಹಣ್ಣು ಇವುಗಳ ಹೆಸರಿನಲ್ಲಿ ಪರದೇಶಿತನ ಇಂದಿಗೂ ಅಂಟಿಕೊಂಡಿದೆ. ಉತ್ತರ ಕರ್ನಾಟಕದವರು ಆಲೂಗೆಡ್ಡೆಯನ್ನು ಬಟಾಟೆ ಎನ್ನುತ್ತಾರಷ್ಟೆ. ಅದು ತೈನೋ ಜನ ಸಿಹಿಗೆಣಸಿಗೆ ಇಟ್ಟಿದ್ದ ಹೆಸರು. ಪೋರ್ತುಗೀಸರ ಬಾಯಿಂದ ನಮ್ಮ ಬಾಯಿಗೆ ಬಂದದ್ದು.

“ಹಾಗಾದರೆ ಅದಕ್ಕೆ ಮೊದಲು ನಮ್ಮವರು ಖಾರಕ್ಕೆ ಏನು ಹಾಕುತ್ತಿದ್ದರೋ?” ಎಂದು ಅತ್ತೆ ಕೇಳಿದರು. ಈ ಪ್ರಶ್ನೆಗೆ ಉತ್ತರ ಕನ್ನಡದಲ್ಲೇ ಇದೆ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೇ ಒಂದು ಅಧ್ಯಾಯವಿದೆ. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಜೈನಕವಿ ಮೂರನೆಯ ಮಂಗರಸ ಅಡಿಗೆಯನ್ನೇ ವಸ್ತುವಾಗಿಟ್ಟುಕೊಂಡು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದ. ಭಕ್ಷ್ಯಗಳು, ಪಾನಕಗಳು, ಅನ್ನಗಳು. ಬದನೆ, ಬಾಳೆ, ಹಲಸು, ಕಳಲೆಗಳ ಬಗೆಬಗೆಯ ಪಾಕಗಳು ಅದರಲ್ಲಿವೆ. ಮೆಣಸಿನಕಾಯಿ ಇಲ್ಲ, ಟೊಮೇಟೊ, ಆಲೂಗೆಡ್ಡೆಗಳೂ ಇಲ್ಲ. ಖಾರಕ್ಕೆ ಮೆಣಸು. ಗೋವೆಯ ಬಂದರಿನಲ್ಲಿ ಹೊಸ ಕಾಯಿ ಇಳಿಯಲಿದ್ದ ಹೊತ್ತಿನಲ್ಲಿ, ಅದರ ಸುದ್ದಿಯೇ ಇಲ್ಲದೆ ಕವಿ ತನ್ನ ಅಡಿಗೆಮನೆಯ ಲೆಕ್ಕ ಬರೆದಿಟ್ಟ.

ಇಷ್ಟನ್ನು ನಾನು ಮೇಷ್ಟರ ಠೀವಿಯಿಂದ ಹೇಳಿ ಮುಗಿಸಿದೆ. ಅತ್ತೆ ತಣ್ಣಗೆ, “ಮೆಣಸಿನಕಾಯಿ ಇಲ್ಲ, ಟೊಮೇಟೊ ಇಲ್ಲ, ಆಲೂಗೆಡ್ಡೆ ಇಲ್ಲ. ಅದು ನಮ್ಮ ಶ್ರಾದ್ಧದ ಅಡಿಗೆಯಲ್ಲವೇನೋ?” ಎಂದರು.

ನಾನು ಬೆಪ್ಪಾದೆ. ನಿಜ! ಶ್ರಾದ್ಧದ ದಿನ ಸಾರಿಗೂ ಪಲ್ಯಕ್ಕೂ ಮೆಣಸಿನದೇ ಖಾರ. ಬಾಳೆಕಾಯಿ, ಹಾಗಲಕಾಯಿ, ಸಾಮೆಗೆಡ್ಡೆ, ಉದ್ದಿನ ವಡೆ, ಎಳ್ಳುಂಡೆ. ಹುರುಳಿಕಾಯಿ, ಎಲೆಕೋಸು, ಸೀಮೆಬದನೆಗಳಿಗೆ ಪ್ರವೇಶವಿಲ್ಲ. ಶಾಸ್ತ್ರ ಬಲ್ಲವರು ಇದಕ್ಕೆ ಬೇರೆ ಕಾರಣ ಹೇಳಬಹುದು. ನನಗೆ ಕಂಡದ್ದು ಇಷ್ಟು: ಪಿತೃಗಳಿಗೆ ಅವರು ಉಂಡು ಬಲ್ಲ ಊಟವನ್ನೇ ಬಡಿಸಬೇಕೆಂದು ನಮ್ಮ ಹೆಂಗಸರು ವರ್ಷಕ್ಕೊಂದು ದಿನ ಐನೂರು ವರ್ಷ ಹಿಂದಿನ ಅಡಿಗೆಮನೆಯ ಬಾಗಿಲು ತೆರೆಯುತ್ತಾರೆ. ನಾನು ಗ್ರಂಥದಲ್ಲಿ ಹುಡುಕಿದ್ದು ಎಪ್ಪತ್ತು ವರ್ಷದಿಂದ ಅತ್ತೆಯ ಕೈಯಲ್ಲಿತ್ತು.

ಆದರೂ ಸುಮ್ಮನಿರದೆ, “ಏಕಾದಶಿಗೆ ಸಬ್ಬಕ್ಕಿ ತಿನ್ನುತ್ತೀರಲ್ಲ ಅತ್ತೆ, ಅದು ಮರಗೆಣಸಿನ ಹಿಟ್ಟಿನಿಂದ ಮಾಡುವುದು. ಮರಗೆಣಸಿನ ರೊಟ್ಟಿಯೇ ಆ ದ್ವೀಪದ ಮೂಲನಿವಾಸಿಗಳ ಊಟವಾಗಿತ್ತು” ಎಂದೆ. ಅತ್ತೆ ನನ್ನನ್ನು ದುರುದುರು ನೋಡಿ ಎದ್ದುಹೋದರು. ಆ ದಿನ ಅವರು ಮತ್ತೆ ಮಾತಾಡಲಿಲ್ಲ. ಹೇಳಬಾರದಿತ್ತೇನೋ ಎನಿಸಿತು.

ಮಗ ಸೊಸೆ ಬಂದರು. ದೇವನಹಳ್ಳಿಯ ವಿಮಾನನಿಲ್ದಾಣದಿಂದ ಬರುವಾಗ ದಾರಿಯಲ್ಲಿ ಚಕ್ಕೋತ ಹಣ್ಣು ಕೊಂಡೆವು. ಹುಡುಗಿ ಅದನ್ನು ಕೈಯಲ್ಲಿ ಹಿಡಿದು “ಷ್ಯಾಡಕ್!” ಎಂದು ಕೂಗಿದಳು. ಹದಿನೇಳನೆಯ ಶತಮಾನದಲ್ಲಿ ಆ ಹೆಸರಿನ ಹಡಗಿನ ಕಪ್ತಾನನೊಬ್ಬ ಪೂರ್ವದೇಶದಿಂದ ಇದರ ಬೀಜವನ್ನು ಬಾರ್ಬಡೋಸ್ ದ್ವೀಪಕ್ಕೆ ಒಯ್ದನೆಂದು ಹೇಳುತ್ತಾರೆ. ಅಲ್ಲಿ ಅದು ಕಿತ್ತಳೆಯ ಜಾತಿಯೊಂದಿಗೆ ಬೆರೆತು ಹುಟ್ಟಿದ್ದೇ ಗ್ರೇಪ್‌ಫ್ರೂಟ್. ದೇವನಹಳ್ಳಿಯವರು ತಮ್ಮ ಊರಿನ ಹೆಮ್ಮೆಯೆಂದು ಬೆಳೆಯುವ ಹಣ್ಣನ್ನು ಅವಳು ತನ್ನ ಊರಿನದೆಂದಳು. ಇಬ್ಬರ ಮಾತೂ ಸುಳ್ಳಲ್ಲ.

ಮನೆಯೊಳಗೆ ಕಾಲಿಟ್ಟು ಅವಳು ಅತ್ತೆಗೆ ನಮಸ್ಕರಿಸಿ “ಆಜೀ” ಎಂದಳು. ಯಾರೂ ಹೇಳಿಕೊಟ್ಟಿರಲಿಲ್ಲ, ಅವರಲ್ಲಿ ತಂದೆಯ ತಾಯಿಯನ್ನು ಕರೆಯುವುದೇ ಹಾಗೆ. ಭೋಜಪುರಿಯ ಆ ಮಾತು ನಾಲ್ಕು ತಲೆಮಾರು ಸಮುದ್ರದಾಚೆ ಬದುಕಿ, ನಮ್ಮ ನಡುಮನೆಯಲ್ಲಿ ಅಜ್ಜಿ ಎಂಬಂತೆ ಕೇಳಿಸಿತು. ಅಮ್ಮನ ಕಾರ್ಯದ ವಿಷಯ ಬಂದಾಗ, ಪಿತೃಪಕ್ಷ ತಮ್ಮಲ್ಲಿಯೂ ಉಂಟು, ತನ್ನ ಆಜಿ ತಪ್ಪದೆ ನಡೆಸುತ್ತಿದ್ದರು ಎಂದಳು. ಅತ್ತೆ ಮಗನ ಕಡೆ ತಿರುಗಿ ಅವಳ ಮಾತನ್ನು ಎರಡು ಸಲ ಹೇಳಿಸಿ ಕೇಳಿದರು.

ಶ್ರಾದ್ಧದ ದಿನ ನಸುಕಿನಲ್ಲಿ ನಾನೆದ್ದು ನೋಡುತ್ತೇನೆ, ಅಡಿಗೆಮನೆಯಲ್ಲಿ ದೀಪ ಉರಿಯುತ್ತಿದೆ. ಹುಡುಗಿ ಸ್ನಾನ ಮಾಡಿ, ಮಡಿಸೀರೆ ಉಟ್ಟು, ಒರಳಿನ ಮುಂದೆ ಕುಳಿತಿದ್ದಾಳೆ. ಸೀರೆ ನನ್ನ ಪತ್ನಿಯದು. ಅತ್ತೆ ಅವಳ ಬೊಗಸೆಗೆ ಮೆಣಸು ಸುರಿದು, ತರಿತರಿಯಾಗಿ ಕುಟ್ಟಬೇಕೆಂದು ಕೈಸನ್ನೆಯಲ್ಲಿ ತೋರಿಸುತ್ತಿದ್ದಾರೆ. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು.

ನನ್ನನ್ನು ಕಂಡು ಅತ್ತೆ, “ಅಲ್ಲೇ ನಿಲ್ಲೋ. ನೀನು ಮಡಿಯಲ್ಲಿಲ್ಲ” ಎಂದರು.

ನಾನು ಹೊಸ್ತಿಲಾಚೆಯೇ ನಿಂತೆ. ಮೆಣಸಿನ ಘಾಟು ಅಲ್ಲಿಯವರೆಗೂ ಬರುತ್ತಿತ್ತು.